ಬಡ ಬಸುರಿಯರ ಆಹಾರವಿಚಾರ: ಮುಂಬಯಿಯ ಒಂದು ಸಂಶೋಧನೆಯ ಚರಿತ್ರೆ

೧

ಗರ್ಭಿಣಿಯು ಏನನ್ನು ಉಣ್ಣಬೇಕೆಂಬ ವಿಚಾರವು ಭರತಖಂಡದಲ್ಲಿ ಬಹು ಪುರಾತನವಾದುದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ತಿಂಗಳು ತಿಂಗಳಿಗೆ ಆಕೆಯು ಸೇವಿಸತಕ್ಕ ಪದಾರ್ಥಗಳನ್ನು ಕ್ರಮವಾಗಿ ಹೇಳಿದೆ. ಮೊದಲನೆಯ ತಿಂಗಳು ಬರಿಯ ಹಾಲು, ಎರಡನೆಯ ತಿಂಗಳು ಮಧುರೌಷಧಗಳಿಂದ ಸಿದ್ಧಗೊಳಿಸಿದ ಹಾಲು, ಮೂರನೆಯ ತಿಂಗಳು ಜೇನು ತುಪ್ಪಗಳೊಡನೆ ಹಾಲು, ನಾಲ್ಕನೆಯ ತಿಂಗಳು ಬೆಣ್ಣೆ ಬೆರೆಸಿದ ಹಾಲು, ಐದನೆಯ ತಿಂಗಳು ತುಪ್ಪ, ಎಂಟನೆಯ ತಿಂಗಳು ಹಾಲಿನಲ್ಲಿ ಬೇಯಿಸಿ ತುಪ್ಪ ಹಾಕಿದ ಗಂಜಿ ಎಂಬುದಾಗಿ ಆ ವಿಧಿಯು ಸಾಗುವುದು. ನಾಲ್ಕನೆಯ ತಿಂಗಳಿನಲ್ಲಿ ಶಿಶುವಿನ ಹೃದಯವು ವ್ಯಕ್ತವಾಗುವುದರಿಂದ ತಾಯಿಯು ಎರಡು ಹೃದಯಗಳುಳ್ಳವಳಾಗುವಳೆಂದೂ, ಆಕೆಯ ಬಯಕೆಯನ್ನು ಸಲ್ಲಿಸದಿದ್ದರೆ ಹುಟ್ಟುವ ಮಗುವಿಗೆ ಊನವುಂಟಾಗುವುದೆಂದೂ ಸುಶ್ರುತಸಂಹಿತೆಯು ತಿಳಿಸುವುದು. ‘ದೌಹೃದ’ವೆಂಬ ಶಬ್ದದ ಹಿಂದಿರುವ ಕಲ್ಪನೆಯೂ ಇದೇ.

ಕನ್ನಡದ ಕಾವ್ಯಪುರಾಣಗಳಲ್ಲಿ ರಾಣಿಯರ ಬಯಕೆಯ ವರ್ಣನೆಯು ಒಂದು ರೂಢಿಯ ಅಂಗವಾಗಿ ಬಂದಿದೆ. ಲಕ್ಷ್ಮೀಶನ ಜೈಮಿನಿಭಾರತದಲ್ಲಿ ಬಸುರಿಯಾದ ಸೀತೆಯು ತಪೋವನವನ್ನು ನೋಡಬಯಸಿದುದೇ ಆಕೆಯನ್ನು ಕಾಡಿಗೆ ಕಳುಹುವುದಕ್ಕೆ ನೆಪವಾಯಿತು. ಚಾವುಂಡರಾಯನ ಲೋಕೋಪಕಾರ, ಮೂರನೆಯ ಮಂಗರಸನ ಸೂಪಶಾಸ್ತ್ರ ಮೊದಲಾದ ಗ್ರಂಥಗಳಲ್ಲಿ ಪಾಕದ ಕ್ರಮಗಳು ವಿವರವಾಗಿವೆ. ಹಳ್ಳಿಯ ಹೆಂಗಸರ ಬಯಕೆಯ ಹಾಡುಗಳಲ್ಲಿ ಹುಳಿ, ಸಿಹಿ, ಹಣ್ಣು, ಹಂಪಲುಗಳ ಮಾತು ಬೇಕಾದಷ್ಟಿದೆ.

ಈ ವಾಙ್ಮಯವನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿಯು ಎದ್ದು ಕಾಣುವುದು. ಶಾಸ್ತ್ರಕಾರನು ಹೇಳುವ ಹಾಲು ಬೆಣ್ಣೆ ತುಪ್ಪಗಳು ಕರೆಯುವ ಹಸುವಿರುವ ಮನೆಯ ಪದಾರ್ಥಗಳು. ಕವಿಯು ವರ್ಣಿಸುವ ಬಯಕೆಯು ಅದನ್ನು ಸಲ್ಲಿಸಲು ಶಕ್ತನಾದ ಗಂಡನಿರುವವಳ ಬಯಕೆ. ಕೂಲಿ ಮಾಡಿ, ಮನೆಯವರೆಲ್ಲರಿಗೂ ಬಡಿಸಿ, ಮಿಕ್ಕುದನ್ನು ತಾನುಂಡು ಮಲಗುವ ಬಸುರಿಯು ದಿನಕ್ಕೆ ಎಷ್ಟು ಉಣ್ಣುವಳು, ಆ ಊಟದಲ್ಲಿ ಯಾವುದು ಸಾಲದು, ಸಾಲದುದರಿಂದ ಆಗತಕ್ಕ ಹಾನಿಯೇನು ಎಂಬ ಪ್ರಶ್ನೆಯು ಈ ಗ್ರಂಥಗಳಲ್ಲಿ ಕಾಣುವುದಿಲ್ಲ. ಆ ಪ್ರಶ್ನೆಯನ್ನು ಪ್ರಯೋಗಶಾಲೆಯೊಳಕ್ಕೆ ತಂದ ಪ್ರಸಂಗಗಳಲ್ಲಿ ಮುಖ್ಯವಾದುದು ೧೯೨೮ರಿಂದ ೧೯೩೩ರ ವರೆಗೆ ಮುಂಬಯಿಯಲ್ಲಿ ನಡೆದ ಸಂಶೋಧನೆ. ಅದು ಹುಟ್ಟಿದ ಬಗೆಯೂ, ಅದರ ಫಲವನ್ನು ಮುಂದಿನವರು ಬಳಸಿಕೊಂಡ ಬಗೆಯೂ ವಿಚಾರಾರ್ಹವಾಗಿವೆ.

೨

ಆ ಕಾಲದಲ್ಲಿ ಮುಂಬಯಿಯ ಹತ್ತಿಯ ಗಿರಣಿಗಳಲ್ಲಿ ದುಡಿಯುತ್ತಿದ್ದವರ ಪೈಕಿ ಸುಮಾರು ಐದನೆಯ ಒಂದು ಪಾಲು ಹೆಂಗಸರು. ಇವರಲ್ಲಿ ಬಹುಮಂದಿ ನೂಲನ್ನು ಸುತ್ತುವ ಮತ್ತು ಲಡಿ ಮಾಡುವ ವಿಭಾಗಗಳಲ್ಲಿದ್ದರು. ವಾಸವು ಒಂದೊಂದು ಕೋಣೆಯ ಚಾಳುಗಳಲ್ಲಿ. ಹೆರಿಗೆಯ ದಿನಗಳು ಸಮೀಪಿಸುವ ಪರ್ಯಂತವೂ ಗಿರಣಿಗೆ ಹೋಗುವುದು, ಹೆತ್ತ ಸ್ವಲ್ಪ ಕಾಲದಲ್ಲಿಯೇ ಪುನಃ ಕೆಲಸಕ್ಕೆ ನಿಲ್ಲುವುದು, ಕೂಲಿ ತಪ್ಪಿದರೆ ಸಾಲ ಮಾಡುವುದು, ಇವು ಸಾಮಾನ್ಯವಾಗಿದ್ದುವು. ೧೯೨೪ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಹೆರಿಗೆಯ ಸಹಾಯವೇತನದ ಮಸೂದೆಯೊಂದನ್ನು ತಂದರು. ಅದು ಅಂಗೀಕಾರವಾಗಲಿಲ್ಲ. ೧೯೨೮ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅಂಥ ಮಸೂದೆಯೇ ಚರ್ಚೆಗೆ ಬಂದಾಗ ಡಾಕ್ಟರ್ ಬಿ. ಆರ್. ಅಂಬೇಡ್ಕರರು ಅದನ್ನು ಸಮರ್ಥಿಸಿ, ಹೆರಿಗೆಗೆ ಮುಂಚೆಯೂ ಅನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಅವಶ್ಯಕವೆಂದು ವಾದಿಸಿದರು. ೧೯೨೯ರಲ್ಲಿ ಮುಂಬಯಿಯ ಹೆರಿಗೆ ಸಹಾಯ ಶಾಸನವು ಜಾರಿಗೆ ಬಂದಿತು.

ಬಡ ಬಸುರಿಯರ ಸ್ಥಿತಿಯು ಹೀಗೆ ಶಾಸನಸಭೆಯಲ್ಲಿ ಚರ್ಚೆಗೆ ಬರುತ್ತಿದ್ದಾಗಲೇ ವೈದ್ಯರನ್ನೂ ಒಂದು ವ್ಯಾಧಿಯು ಕಾಡುತ್ತಿದ್ದಿತು. ಗರ್ಭವು ಬೆಳೆಯುತ್ತ ಬಂದಂತೆ ಕೆಲವು ಹೆಂಗಸರ ಮುಖವು ಬಿಳಿಚುವುದು, ಮೈ ಊದಿಕೊಳ್ಳುವುದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವುದು. ಹೆರಿಗೆಯ ಸಮಯದಲ್ಲಿಯೋ ಅನಂತರವೋ ಅನೇಕರು ಪ್ರಾಣಬಿಡುವರು. ಆಯುರ್ವೇದವು ಪಾಂಡುರೋಗವೆಂದು ಕರೆದ ರಕ್ತಹೀನತೆಯಲ್ಲಿಯೇ ಇದೊಂದು ಬಗೆ. ಸೂಕ್ಷ್ಮದರ್ಶಕದಲ್ಲಿ ಇವರ ರಕ್ತವನ್ನು ಪರೀಕ್ಷಿಸಿದರೆ ಕೆಂಪು ಕಣಗಳ ಸಂಖ್ಯೆಯು ಬಹಳ ಕಡಮೆಯಾಗಿಯೂ ಒಂದೊಂದು ಕಣವು ಸಹಜ ಪ್ರಮಾಣಕ್ಕಿಂತ ದೊಡ್ಡದಾಗಿಯೂ ತೋರುತ್ತಿದ್ದಿತು. ಯೂರೋಪಿನ ವೈದ್ಯರು ‘ಮಾರಕ ರಕ್ತಹೀನತೆ’ ಎಂದು ಕರೆಯುತ್ತಿದ್ದ ರೋಗದ ಲಕ್ಷಣವೂ ಇದೇ. ಆದರೆ ಆ ರೋಗವು ಸಾಮಾನ್ಯವಾಗಿ ವಯಸ್ಸಾದವರಿಗೆ ಬರತಕ್ಕುದು. ಇಲ್ಲಿ ಅದು ಎಳೆಯ ವಯಸ್ಸಿನ ಬಸುರಿಯರಲ್ಲಿ ಕಾಣಿಸಿಕೊಂಡಿತ್ತು.

ಇಂಡಿಯಾದ ಸ್ತ್ರೀವೈದ್ಯ ಶಾಖೆಯಲ್ಲಿ ಬಹುಕಾಲ ಸೇವೆಮಾಡಿದ್ದ ಮಾರ್ಗರೆಟ್ ಬಾಲ್ಫರ್ ಎಂಬ ಸ್ಕಾಟ್ಲೆಂಡಿನ ವೈದ್ಯೆಯು ಈ ವ್ಯಾಧಿಯ ಕಡೆಗೆ ಗಮನವಿಟ್ಟಿದ್ದಳು. ಗಿರಣಿಯ ಹೆಂಗಸರ ಹೆರಿಗೆಯ ಸ್ಥಿತಿಗತಿಗಳನ್ನು ಎಸ್. ಎನ್. ತಳಪದೆಯವರೊಡನೆ ಪರಿಶೀಲಿಸಿದವಳೂ ಈಕೆಯೇ. ಇಂಡಿಯಾ ಸಂಶೋಧನ ನಿಧಿಸಂಘದ ಆಶ್ರಯದಲ್ಲಿ ತಾಯಂದಿರ ಮರಣದ ವಿಚಾರಣೆಯು ನಡೆದಾಗ, ಲಂಡನ್ನಿನಿಂದ ಒಬ್ಬ ರಕ್ತಶಾಸ್ತ್ರ ನಿಪುಣೆಯನ್ನು ಬಾಲ್ಫರಳು ಕರೆಯಿಸಿಕೊಂಡಳು. ಆಕೆಯೇ ಲೂಸಿ ವಿಲ್ಸ್.

೩

ಲೂಸಿ ವಿಲ್ಸಳು ೧೮೮೮ರಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿ ಜನಿಸಿದಳು. ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ಓದಿ ೧೯೧೧ರಲ್ಲಿ ಪರೀಕ್ಷೆಗಳನ್ನು ಮುಗಿಸಿದಳು. ಹೆಂಗಸರಿಗೆ ಆ ವಿಶ್ವವಿದ್ಯಾನಿಲಯವು ಆಗ ಪದವಿಯನ್ನು ಕೊಡುತ್ತಿರಲಿಲ್ಲ. ಅನಂತರ ಲಂಡನ್ನಿನ ಸ್ತ್ರೀಯರ ವೈದ್ಯಶಾಲೆಯನ್ನು ಸೇರಿ ೧೯೨೦ರಲ್ಲಿ ವೈದ್ಯೆಯಾದಳು. ರೋಗಿಗಳಿಗೆ ಚಿಕಿತ್ಸೆ ಮಾಡುವ ವೃತ್ತಿಗಿಂತ ಸಂಶೋಧನೆಯಲ್ಲಿಯೇ ಆಸಕ್ತಳಾಗಿ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ನಿಂತಳು. ೧೯೨೮ರಲ್ಲಿ ಮುಂಬಯಿಗೆ ಬಂದು ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ಕೆಲಸವನ್ನು ಪ್ರಾರಂಭಿಸಿದಳು. ೧೯೨೯ರ ಬೇಸಗೆಯನ್ನು ಕೂನೂರಿನ ಪಾಸ್ತರ್ ಸಂಸ್ಥೆಯಲ್ಲಿಯೂ, ೧೯೩೧ರ ಆದಿಭಾಗವನ್ನು ಮದರಾಸಿನ ಗೋಷಾ ಆಸ್ಪತ್ರೆಯಲ್ಲಿಯೂ ಕಳೆದಳು.

ಕೂನೂರಿನಲ್ಲಿ ಆಗ ರಾಬರ್ಟ್ ಮೆಕ್ಯಾರಿಸನ್ನನ ಆಹಾರಸಂಶೋಧನೆಗಳು ನಡೆಯುತ್ತಿದ್ದುವು. ಇಂಡಿಯಾದ ಬೇರೆ ಬೇರೆ ಪ್ರಾಂತಗಳ ಜನರ ಊಟವನ್ನು ಇಲಿಗಳ ಗುಂಪುಗಳಿಗೆ ತಿನ್ನಿಸಿ, ಗೋಧಿ ಹಾಲು ಕಾಯಿಪಲ್ಯಗಳುಳ್ಳ ಆಹಾರದಿಂದ ಅವು ಪುಷ್ಟವಾಗುವುದನ್ನೂ, ಬಡವರ ಬಿಳಿಯ ಅಕ್ಕಿಯ ಊಟದಿಂದ ಕೃಶವಾಗುವುದನ್ನೂ ಆತನು ತೋರಿಸಿದ್ದನು. ಈ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ವಿಲ್ಸಳು ಮೊದಲು ರೋಗಾಣುಗಳನ್ನು ಶಂಕಿಸಿದಳು. ಬಸುರಿಯರ ಮಲವನ್ನು ಪರೀಕ್ಷಿಸಿ, ರೋಗವುಳ್ಳವರಿಗೂ ಇಲ್ಲದವರಿಗೂ ಅದರಲ್ಲಿ ವ್ಯತ್ಯಾಸವೇನೂ ಕಾಣದೆ ಆ ದಾರಿಯನ್ನು ಬಿಟ್ಟಳು. ಅನಂತರ ರೋಗಿಗಳು ಯಾವ ಮನೆಗಳಿಂದ ಬರುವರೆಂಬುದನ್ನು ವಿಚಾರಿಸಿದಳು. ರೋಗವು ಬಡವರಲ್ಲಿ ಹೆಚ್ಚಾಗಿಯೂ, ಅವರಲ್ಲಿಯೂ ಗೋಷಾ ಪದ್ಧತಿಯ ಬಡ ಮುಸಲ್ಮಾನ ಹೆಂಗಸರಲ್ಲಿ ಮತ್ತೂ ಹೆಚ್ಚಾಗಿಯೂ ಇದ್ದಿತು. ಅವರ ಊಟದಲ್ಲಿ ಹಾಲು, ಹಣ್ಣು, ಸೊಪ್ಪು ತರಕಾರಿಗಳು ಅತ್ಯಲ್ಪ. ಅವರು ಉಣ್ಣುವ ಆಹಾರವನ್ನು ಹೋಲುವ ಆಹಾರವನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ಇಲಿಗಳಿಗೂ ರಕ್ತಹೀನತೆಯುಂಟಾಯಿತು.

ಇಲ್ಲಿಗೆ ಪ್ರಶ್ನೆಯು ಬಗೆಹರಿಯಿತೆಂದು ತೋರಬಹುದಾಗಿತ್ತು. ಆದರೆ ಮುಂದಿನ ಪರೀಕ್ಷೆಯಲ್ಲಿ ಇಲಿಗಳ ರಕ್ತದಲ್ಲಿ ಬಾರ್ಟೊನೆಲ್ಲಾ ಎಂಬ ಕ್ರಿಮಿಯು ಕಂಡಿತು. ಇಲಿಯ ಮೈಯ ಹೇನುಗಳು ಅದನ್ನು ಹರಡುತ್ತಿದ್ದುವು. ಸತ್ವಹೀನವಾದ ಆಹಾರವು ಇಲಿಯನ್ನು ಆ ಕ್ರಿಮಿಗೆ ಸುಲಭವಾಗಿ ತುತ್ತಾಗುವಂತೆ ಮಾಡಿತ್ತಲ್ಲದೆ, ರಕ್ತಹೀನತೆಗೆ ನೇರವಾದ ಕಾರಣವಾಗಿರಲಿಲ್ಲ. ತನ್ನ ವಾದಕ್ಕೆ ಅನುಕೂಲವಾಗಿದ್ದ ಪ್ರಮಾಣವು ಹೀಗೆ ದುರ್ಬಲವಾದುದನ್ನು ವಿಲ್ಸಳು ಮುಚ್ಚಿಡಲಿಲ್ಲ. ೧೯೩೧ರಲ್ಲಿ ಇಂಡಿಯಾದ ವೈದ್ಯ ಸಂಶೋಧನ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಹೆಸರಿನಲ್ಲಿಯೇ ಬಾರ್ಟೊನೆಲ್ಲಾದ ಉಲ್ಲೇಖವಿದೆ. ಆ ಬಳಿಕ ಆಕೆಯು ಕೋತಿಗಳ ಮೇಲೆ ಪ್ರಯೋಗವನ್ನು ನಡೆಸಿದಳು. ಕೊರತೆಯ ಆಹಾರವನ್ನು ತಿಂದ ಕೋತಿಗಳಿಗೆ ಮುಂಬಯಿಯ ಬಸುರಿಯರ ರೋಗದಂತೆಯೇ ದೊಡ್ಡ ಕಣಗಳ ರಕ್ತಹೀನತೆಯು ಬಂದಿತು. ಎಸ್. ಎನ್. ತಳಪದೆ, ಎಂ. ಎಂ. ಮೆಹತಾ, ಬಿಲಿಮೋರಿಯಾ ಎಂಬ ಭಾರತೀಯ ಸಹೋದ್ಯೋಗಿಗಳ ಹೆಸರುಗಳು ಈ ಲೇಖನಮಾಲೆಯಲ್ಲಿ ಆಕೆಯ ಹೆಸರಿನೊಡನೆ ಸೇರಿವೆ.

೪

ಮಾರಕ ರಕ್ತಹೀನತೆಗೆ ಪ್ರಾಣಿಗಳ ಈಲಿಯನ್ನು ತಿನ್ನಿಸುವ ಚಿಕಿತ್ಸೆಯನ್ನು ೧೯೨೬ರಲ್ಲಿ ಅಮೆರಿಕದ ಮೈನೋ ಮತ್ತು ಮರ್ಫಿಯವರು ಪ್ರಕಟಿಸಿದ್ದರು. ಈ ಬಸುರಿಯರಿಗೂ ಅದರಿಂದ ಗುಣವಾಗುತ್ತಿದ್ದಿತು. ಆದರೆ ಈಲಿಯ ಸಾರವು ಬೆಲೆಯುಳ್ಳ ಪದಾರ್ಥ. ನಿತ್ಯದ ಅನ್ನಕ್ಕೆ ಕಷ್ಟಪಡುವವಳಿಗೆ ಅದನ್ನು ತಿಂಗಳುಗಟ್ಟಲೆ ಒದಗಿಸುವುದು ಸಾಧ್ಯವಿರಲಿಲ್ಲ. ಮಾಂಸವನ್ನು ಮುಟ್ಟದವರಿಗಂತೂ ಅದು ನಿರುಪಯೋಗವೇ ಸರಿ. ಬಡವರಿಗೆ ಎಟುಕುವ ಬೇರೊಂದು ವಸ್ತುವನ್ನು ಹುಡುಕುತ್ತಿದ್ದ ವಿಲ್ಸಳಿಗೆ ದೊರೆತುದು ‘ಮಾರ್ಮೈಟ್’. ಬಿಯರ್ ತಯಾರಿಸುವ ಕಾರ್ಖಾನೆಗಳಲ್ಲಿ ಮಿಗುವ ಯೀಸ್ಟಿನಿಂದ, ಎಂದರೆ ಹುದುಗಿನಿಂದ ಮಾಡತಕ್ಕ ಕಪ್ಪಗಿನ ಉಪ್ಪುರುಚಿಯ ಲೇಹ್ಯವಿದು. ಆಂಗ್ಲೇಯರು ಇದನ್ನು ರೊಟ್ಟಿಗೆ ಸವರಿ ತಿನ್ನುವರು. ಇದನ್ನು ಸೇವಿಸಿದ ರೋಗಿಗಳ ರಕ್ತವು ಕೆಲವೇ ದಿನಗಳಲ್ಲಿ ಸುಧಾರಿಸತೊಡಗಿತು. ೧೯೩೧ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯೊಂದರಲ್ಲಿ ಈ ಚಿಕಿತ್ಸೆಯ ವಿವರವು ಪ್ರಕಟವಾಯಿತು.

ಯೀಸ್ಟಿನೊಳಗೆ ಕೆಲಸಮಾಡುತ್ತಿದ್ದ ವಸ್ತುವು ಯಾವುದೆಂಬುದು ಆಗ ಗೊತ್ತಿರಲಿಲ್ಲ. ಅದನ್ನು ‘ವಿಲ್ಸಳ ಅಂಶ’ವೆಂದೇ ಕರೆದರು. ೧೯೩೭ರ ಕೊನೆಯಲ್ಲಿ ಆಕೆಯು ಪುನಃ ಮುಂಬಯಿಗೆ ಬಂದು ಇನ್ನೊಂದು ಮುಖ್ಯವಾದ ಭೇದವನ್ನು ಕಂಡುಹಿಡಿದಳು. ಈಲಿಯ ಒರಟು ಸಾರದಿಂದ ಈ ಬಸುರಿಯರು ಗುಣಹೊಂದುತ್ತಿದ್ದರು. ಚೆನ್ನಾಗಿ ಶುದ್ಧಿಮಾಡಿದ ಸಾರವು ಮಾರಕ ರಕ್ತಹೀನತೆಯನ್ನು ವಾಸಿಮಾಡಿದರೂ ಇವರ ರೋಗಕ್ಕೆ ನಾಟುತ್ತಿರಲಿಲ್ಲ. ಆದುದರಿಂದ ಎರಡು ರೋಗಗಳಿಗೂ ಬೇಕಾದ ಅಂಶಗಳು ಬೇರೆ ಬೇರೆಯೆಂಬುದು ೧೯೩೮ರಲ್ಲಿ ಸ್ಪಷ್ಟವಾಯಿತು. ಶುದ್ಧಿಮಾಡಿದ ಸಾರದಲ್ಲಿ ಉಳಿಯುತ್ತಿದ್ದುದು ೧೯೪೮ರಲ್ಲಿ ಬೇರ್ಪಟ್ಟ ಬಿ-೧೨ ಜೀವಸತ್ವ. ಯೀಸ್ಟಿನಲ್ಲಿದ್ದುದು ಮತ್ತೊಂದು.

೧೯೪೧ರಲ್ಲಿ ಅಮೆರಿಕದ ಟೆಕ್ಸಸ್ಸಿನಲ್ಲಿ ಮಿಚೆಲ್, ಸ್ನೆಲ್, ವಿಲಿಯಮ್ಸ್ ಎಂಬವರು ನಾಲ್ಕು ಟನ್ನು ಪಾಲಕದ ಸೊಪ್ಪಿನಿಂದ ಆ ಬಗೆಯ ವಸ್ತುವನ್ನು ಬೇರ್ಪಡಿಸಿ, ಎಲೆಗೆ ಲ್ಯಾಟಿನ್ ಭಾಷೆಯಲ್ಲಿರುವ ‘ಫೋಲಿಯಂ’ ಎಂಬ ಶಬ್ದದಿಂದ ‘ಫೋಲಿಕ್ ಆಮ್ಲ’ವೆಂಬ ಹೆಸರನ್ನು ಕೊಟ್ಟರು. ೧೯೪೫ರಲ್ಲಿ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ನಾಯಕರು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಂಬಯಿಯ ಬಡ ಹೆಂಗಸರ ರೋಗದಿಂದ ಹೊರಟ ಅನ್ವೇಷಣೆಯು ಒಬ್ಬ ಭಾರತೀಯನ ಪ್ರಯೋಗಶಾಲೆಯಲ್ಲಿ ಕೊನೆಗಂಡಿತು. ಗರ್ಭಧಾರಣೆಗೆ ಮುಂಚೆಯೇ ಈ ಸತ್ವವನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ಜನ್ಮದೋಷಗಳು ಬಹುಮಟ್ಟಿಗೆ ತಪ್ಪುವುವೆಂಬುದು ೧೯೯೧ರಲ್ಲಿ, ಏಳು ದೇಶಗಳಲ್ಲಿ ನಡೆದ ಪರೀಕ್ಷೆಯಿಂದ ಸಿದ್ಧವಾಯಿತು. ಆ ವೇಳೆಗೆ ವಿಲ್ಸಳು ತೀರಿಕೊಂಡು ೨೭ ವರ್ಷಗಳಾಗಿದ್ದುವು.

ಸೊಪ್ಪಿನಲ್ಲಿರುವ ಈ ಸತ್ವವು ನೀರಿನಲ್ಲಿ ಕರಗುವುದು, ಬಹಳ ಹೊತ್ತು ಬೇಯಿಸಿದರೆ ನಾಶವಾಗುವುದು. ಸೊಪ್ಪನ್ನು ಬೇಯಿಸಿ ನೀರನ್ನು ಚೆಲ್ಲುವ ಮನೆಗಿಂತ, ಬಸಿದ ನೀರಿನಿಂದಲೇ ಬಸ್ಸಾರು ಮಾಡುವ ಹಳೆಯ ಮೈಸೂರಿನ ಒಕ್ಕಲಿನ ಮನೆಯಲ್ಲಿ ಅದು ಹೆಚ್ಚಾಗಿ ಉಳಿಯುವುದು. ಉತ್ತರ ಕರ್ನಾಟಕದಲ್ಲಿ ಬಾಣಂತಿಗೆ ಮಾಡಿಕೊಡುವ ಅಳವಿಯ ಪಾಯಸದಲ್ಲಿ ಕಬ್ಬಿಣದ ಅಂಶವು ಹೇರಳವಾಗಿದೆ. ರಾಗಿಯಲ್ಲಿ ಸುಣ್ಣದ ಅಂಶವು ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು. ಬಡವರ ಅಡಿಗೆಯಲ್ಲಿ ಸತ್ವವೇ ಇಲ್ಲವೆಂಬ ಮಾತನ್ನು ಆದಕಾರಣ ಒಪ್ಪುವಂತಿಲ್ಲ. ಕೊರತೆಯಿರುವುದು ಬಡವಳಿಗೆ ಅದರಲ್ಲಿ ಸಲ್ಲುವ ಪಾಲಿನಲ್ಲಿ.

೫

ವಿಲ್ಸಳು ೧೯೩೩ರಲ್ಲಿ ರಾಯಲ್ ಫ್ರೀ ಆಸ್ಪತ್ರೆಗೆ ಹಿಂತಿರುಗಿದಳು. ಯುದ್ಧದ ವರ್ಷಗಳಲ್ಲಿ ಆಕೆಯು ಲಂಡನ್ನಿನ ಬಸುರಿಯರ ರಕ್ತವನ್ನು ಪರೀಕ್ಷಿಸುತ್ತಿದ್ದಳು. ೧೯೪೦ರಲ್ಲಿ ಬ್ರಿಟನ್ ಸರಕಾರವು ಬಸುರಿಯರಿಗೂ ಬಾಣಂತಿಯರಿಗೂ ಎಳೆಯ ಮಕ್ಕಳಿಗೂ ದಿನಕ್ಕೆ ಒಂದು ಪೈಂಟ್ ಹಾಲನ್ನು ಅಗ್ಗವಾಗಿಯೋ, ಬಡವರಿಗೆ ಉಚಿತವಾಗಿಯೋ ಕೊಡುವ ಏರ್ಪಾಡನ್ನು ಮಾಡಿತು. ಅದಕ್ಕೆ ಮೀನೆಣ್ಣೆ, ಹಣ್ಣಿನ ರಸಗಳೂ ಸೇರಿದುವು. ಈ ಪಡಿಯ ವ್ಯವಸ್ಥೆಯೂ ಕಬ್ಬಿಣದ ಗುಳಿಗೆಗಳೂ ಬಸುರಿಯರ ರಕ್ತದ ಮೇಲೆ ಏನು ಪರಿಣಾಮವನ್ನುಂಟುಮಾಡಿದುವೆಂಬುದನ್ನು ಕುರಿತ ವಿಲ್ಸಳ ಲೇಖನವು ೧೯೪೭ರಲ್ಲಿ ಪ್ರಕಟವಾಯಿತು. ಯುದ್ಧದ ಅಭಾವಕಾಲದಲ್ಲಿಯೂ ಬ್ರಿಟನ್ನಿನಲ್ಲಿ ಸತ್ತು ಹುಟ್ಟುವ ಶಿಶುಗಳ ಸಂಖ್ಯೆಯು ಇಳಿಯಿತು. ಅದೇ ಸರಕಾರದ ಅಧೀನವಾಗಿದ್ದ ಬಂಗಾಳದಲ್ಲಿ ೧೯೪೩ರಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಮಡಿದರು. ಜ್ಞಾನವು ಎರಡು ಕಡೆಯೂ ಒಂದೇ ಆಗಿದ್ದಿತು. ಒಂದು ಕಡೆ ಅದು ಪಡಿಚೀಟಿಯಾಗಿ ಮನೆಬಾಗಿಲಿಗೆ ಬಂದಿತು, ಇನ್ನೊಂದು ಕಡೆ ಬರಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಜ್ಞಾನವು ಎರಡು ದಾರಿಗಳಲ್ಲಿ ಹರಿಯಿತು. ಮೊದಲನೆಯದು ಗುಳಿಗೆಯ ದಾರಿ. ೧೯೭೦ರಲ್ಲಿ ಪ್ರಾರಂಭವಾದ ರಕ್ತಹೀನತೆ ನಿವಾರಣ ಯೋಜನೆಯಲ್ಲಿ ಬಸುರಿಯರಿಗೆ ಕಬ್ಬಿಣವನ್ನೂ ಫೋಲಿಕ್ ಆಮ್ಲವನ್ನೂ ಸೇರಿಸಿದ ಗುಳಿಗೆಗಳನ್ನು ಹಂಚತೊಡಗಿದರು. ೨೦೧೮ರ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ೬೦ ಮಿಲಿಗ್ರಾಂ ಕಬ್ಬಿಣ, ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲಗಳುಳ್ಳ ಗುಳಿಗೆಯನ್ನು ಬಸುರಿನಲ್ಲಿ ೧೮೦ ದಿನಗಳೂ ಹೆರಿಗೆಯ ಬಳಿಕ ೧೮೦ ದಿನಗಳೂ ಕೊಡಬೇಕೆಂದು ಗೊತ್ತುಮಾಡಲಾಯಿತು.

ಎರಡನೆಯದು ಊಟದ ದಾರಿ. ೧೯೭೫ನೆಯ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ ೩೩ ಕಡೆಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಸ್ಥಳವು ಕಾವೇರಿ ಕಪಿಲೆಗಳ ಸಂಗಮದ ತಿರುಮಕೂಡಲು ನರಸೀಪುರ. ೧೦೦ ಅಂಗನವಾಡಿಗಳಿಂದ ಅಲ್ಲಿ ಮೊದಲಾದ ಕೆಲಸವು ಕ್ರಮೇಣ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿತು. ೨೦೦೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಪ್ರತಿಯೊಬ್ಬ ಬಸುರಿಗೂ ಬಾಣಂತಿಗೂ ಈ ಪೂರಕ ಆಹಾರವು ಸಲ್ಲಬೇಕೆಂದು ಆಜ್ಞೆಮಾಡಿತು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತೆಯ ಶಾಸನವು ಬಸುರಿನ ಕಾಲದಲ್ಲಿಯೂ ಹೆರಿಗೆಯಾದ ಆರು ತಿಂಗಳವರೆಗೂ ಉಚಿತವಾದ ಊಟವನ್ನೂ ೬೦೦೦ ರೂಪಾಯಿಗಳಿಗೆ ಕಡಮೆಯಿಲ್ಲದ ಹೆರಿಗೆಯ ಸಹಾಯಧನವನ್ನೂ ಹಕ್ಕಾಗಿ ವಿಧಿಸಿತು. ಇಷ್ಟಾದರೂ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರ ಪೈಕಿ ಶೇಕಡ ೫೨.೨ ಮಂದಿಗೆ ರಕ್ತಹೀನತೆಯು ಕಂಡಿತು. ಇದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದ್ದುದು ೫೦.೪. ಕರ್ನಾಟಕದಲ್ಲಿ ಈ ಪ್ರಮಾಣವು ಸ್ವಲ್ಪ ಕಡಮೆಯಾಗಿದ್ದರೂ ಶೇಕಡ ೪೫ನ್ನು ಮೀರಿದ್ದಿತು. ವಿಲ್ಸಳು ಗುರುತಿಸಿದ ಕೊರತೆಗಿಂತ ಕಬ್ಬಿಣದ ಕೊರತೆಯೇ ಈಗ ಹೆಚ್ಚಿನದೆಂಬುದು ನಿಜ. ಆದರೆ ಎರಡಕ್ಕೂ ಮೂಲವಾದ ಬಡ ಊಟವು ಅದೇ.

೬

ಬಸುರಿಯ ಊಟದ ಕೊರತೆಯು ಆಕೆಯೊಬ್ಬಳಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಮೈಸೂರಿನಲ್ಲಿ ಒಂದು ವಿಶೇಷವಾದ ದಾಖಲೆಯು ದೊರೆತಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನೂ ಅಳತೆಗಳನ್ನೂ ಬರೆದಿಟ್ಟ ಪುಸ್ತಕಗಳು ಉಳಿದುಬಂದುವು. ಸಂಶೋಧಕರು ೧೯೩೪ರಿಂದ ೧೯೫೪ರ ವರೆಗೆ ಅಲ್ಲಿ ಹುಟ್ಟಿದವರಲ್ಲಿ ೫೧೭ ಮಂದಿಯನ್ನು ಅದೇ ಊರಿನಲ್ಲಿ ಹುಡುಕಿ ಅವರ ಹೃದಯವನ್ನು ಪರೀಕ್ಷಿಸಿದರು. ಅದರ ಫಲವು ೧೯೯೬ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಮೆ ತೂಕವಿದ್ದವರಲ್ಲಿ ಶೇಕಡ ೧೧ ಮಂದಿಗೆ ಹೃದ್ರೋಗವಿದ್ದಿತು. ಏಳು ಪೌಂಡಿಗಿಂತ ಹೆಚ್ಚಾಗಿದ್ದವರಲ್ಲಿ ಶೇಕಡ ೩ ಮಂದಿಗೆ ಮಾತ್ರ. ತಾನೂ ಹಗುರವಾಗಿ ಹುಟ್ಟಿ, ತಾಯಿಯೂ ಬಸುರಿನಲ್ಲಿ ೧೦೦ ಪೌಂಡು ತೂಗದಿದ್ದವರಲ್ಲಿ ಆ ಪ್ರಮಾಣವು ಶೇಕಡ ೨೦ರಷ್ಟಿತ್ತು. ಸೂತಿಕಾಗೃಹದ ಗುಮಾಸ್ತಿಕೆಯ ಪುಸ್ತಕವು ಅರ್ಧ ಶತಮಾನದ ಬಳಿಕ ಇತಿಹಾಸದ ಆಕರವಾಯಿತು. ತಾಯಿಯ ಎಲೆಯಲ್ಲಿ ಬಡಿಸದುದು ಮಗನ ಐವತ್ತನೆಯ ವಯಸ್ಸಿನಲ್ಲಿ ಲೆಕ್ಕಕ್ಕೆ ಬರುವುದೆಂಬುದನ್ನು ಅದು ತಿಳಿಸುವುದು.

ಮುಂಬಯಿಯಲ್ಲಿಯೇ ೨೦೦೬ರಲ್ಲಿ ಇನ್ನೊಂದು ಪರೀಕ್ಷೆಯು ಪ್ರಾರಂಭವಾಯಿತು. 'ಸರಸ್' ಎಂಬ ಹೆಸರಿನ ಈ ಯೋಜನೆಯಲ್ಲಿ ನಗರದ ಕೊಳಚೆ ಪ್ರದೇಶಗಳ ೬೫೧೩ ಹೆಂಗಸರನ್ನು ಎರಡು ಪಂಗಡಗಳಾಗಿ ವಿಂಗಡಿಸಿದರು. ಒಂದು ಪಂಗಡಕ್ಕೆ ಸೊಪ್ಪು, ಹಣ್ಣು, ಹಾಲುಗಳಿಂದ ಮಾಡಿದ ತಿಂಡಿಯನ್ನೂ, ಇನ್ನೊಂದಕ್ಕೆ ಆಲೂಗಡ್ಡೆ, ಈರುಳ್ಳಿ ಮೊದಲಾದ ಅಲ್ಪಸತ್ವದ ತರಕಾರಿಗಳ ತಿಂಡಿಯನ್ನೂ ಗರ್ಭಧಾರಣೆಗೆ ಮುಂಚಿನಿಂದ ಹೆರಿಗೆಯವರೆಗೆ ಕೊಟ್ಟರು. ೨೦೧೪ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಪಂಗಡಗಳ ಶಿಶುಗಳ ತೂಕಕ್ಕೂ ಒಟ್ಟಿನಲ್ಲಿ ನಿಶ್ಚಿತವಾದ ವ್ಯತ್ಯಾಸವಿರಲಿಲ್ಲ. ಆದರೆ ಗರ್ಭ ನಿಲ್ಲುವುದಕ್ಕೆ ಮೂರು ತಿಂಗಳು ಮುಂಚಿತವಾಗಿಯೇ ಸೊಪ್ಪಿನ ತಿಂಡಿಯನ್ನು ತಿನ್ನತೊಡಗಿದವರ ಮಕ್ಕಳ ತೂಕವು ಸುಮಾರು ೪೮ ಗ್ರಾಂ ಹೆಚ್ಚಾಗಿದ್ದಿತು. ಬಸುರಿನ ಮಧುಮೇಹವು ಒಂದು ಪಂಗಡದಲ್ಲಿ ಶೇಕಡ ೭.೩, ಇನ್ನೊಂದರಲ್ಲಿ ೧೨.೪ ಎಂದು ೨೦೧೬ರಲ್ಲಿ ತಿಳಿದುಬಂದಿತು. ಇದರಿಂದ ಎರಡು ಸಂಗತಿಗಳು ಹೊರಪಡುವುವು. ಸಾಧಾರಣವಾದ ಸೊಪ್ಪು ಹಣ್ಣುಗಳಿಂದಲೂ ತಾಯಿಗೆ ಹಿತವುಂಟು. ಬಸುರಿಯಾದ ಮೇಲೆ ಪ್ರಾರಂಭಿಸಿದ ಉಪಚಾರವು ಶಿಶುವಿನ ಬೆಳವಣಿಗೆಗೆ ತಡವಾಗಬಹುದು.

೭

ಇಷ್ಟು ತಿಳಿವಳಿಕೆಯಿದ್ದೂ ಕೊರತೆಯು ಏಕೆ ಉಳಿದಿದೆಯೆಂಬುದಕ್ಕೆ ಉತ್ತರವನ್ನು ಮನೆಯೊಳಗೆ ಹುಡುಕಬೇಕಾಗುವುದು. ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳಲ್ಲಿ ಪರಿಶೀಲನೆ ನಡೆಸಿ ನಿಕ್ಟರ್ ದಂಪತಿಗಳು ೧೯೮೩ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಬೆಲೆಯುಳ್ಳದು. ಹೊಟ್ಟೆಯೊಳಗೆ ಅನ್ನಕ್ಕೂ ಮಗುವಿಗೂ ಇರುವ ಸ್ಥಳವು ಒಂದೇ, ಹೆಚ್ಚು ಉಂಡರೆ ಮಗುವಿಗೆ ಎಡೆಯಿರದು ಎಂಬುದು ಅಲ್ಲಿ ಅನೇಕರ ಭಾವನೆಯಾಗಿತ್ತು. ಮಗುವು ದೊಡ್ಡದಾದರೆ ಹೆರಿಗೆಯು ಕಷ್ಟವಾಗುವುದೆಂಬ ಭಯವೂ ಇತ್ತು. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳುವುದು ಯುಕ್ತವಲ್ಲ. ವೈದ್ಯರಿಲ್ಲದ ಊರಿನಲ್ಲಿ ಹೆರಿಗೆ ನಿಂತರೆ ತಾಯಿಯ ಪ್ರಾಣವೇ ಹೋಗುತ್ತಿದ್ದ ಕಾಲದ ಅನುಭವವು ಅದರ ಹಿಂದಿದೆ. ಆಸ್ಪತ್ರೆಯು ಹತ್ತಿರವಾದ ಮೇಲೂ ಅತ್ತೆಯಿಂದ ಸೊಸೆಗೆ ಇಳಿದ ಆ ಎಚ್ಚರಿಕೆಯು ಉಳಿದುಕೊಂಡಿತು. ಎಲ್ಲರೂ ಉಂಡ ಮೇಲೆ ಉಣ್ಣತಕ್ಕವಳಿಗೆ ಕಡಮೆ ಉಣ್ಣಲು ಅದರಿಂದ ಮತ್ತೊಂದು ಕಾರಣವೂ ದೊರೆತಂತಾಯಿತು.

ಸರಕಾರವು ಮನೆಗೆ ಕೊಟ್ಟುಕಳುಹಿಸಿದ ಪಡಿಯು ಬಸುರಿಯೊಬ್ಬಳ ಪಾಲಾಗದೆ ಮನೆಮಂದಿಗೆಲ್ಲ ಹಂಚಿಹೋಗುವುದೂ ಇದರಿಂದಲೇ. ಈ ತೊಡಕನ್ನು ಬಿಡಿಸುವುದಕ್ಕಾಗಿ ಆಂಧ್ರ, ತೆಲಂಗಾಣಗಳಲ್ಲಿ ಬಸುರಿಯರು ಅಂಗನವಾಡಿಗೇ ಬಂದು ಉಣ್ಣುವ ಏರ್ಪಾಡನ್ನು ಮೊದಲು ಮಾಡಿದರು. ಕರ್ನಾಟಕ ಸರಕಾರವು ೨೦೧೭ರ ಫೆಬ್ರವರಿಯಲ್ಲಿ ಹೆಗ್ಗಡದೇವನಕೋಟೆ, ಮಧುಗಿರಿ, ಜಮಖಂಡಿ, ಮಾನ್ವಿ ತಾಲ್ಲೂಕುಗಳಲ್ಲಿ ಪರೀಕ್ಷಾರ್ಥವಾಗಿ ನಡೆಸಿ, ಅದೇ ವರ್ಷದ ಅಕ್ಟೋಬರ್ ೨ರಂದು ‘ಮಾತೃಪೂರ್ಣ’ವೆಂಬ ಹೆಸರಿನಿಂದ ರಾಜ್ಯದಲ್ಲೆಲ್ಲ ಆರಂಭಿಸಿತು. ತಿಂಗಳಿಗೆ ೨೫ ದಿನ ಮಧ್ಯಾಹ್ನ ಅನ್ನ, ಸಾರು, ಪಲ್ಯ, ಬೇಯಿಸಿದ ಮೊಟ್ಟೆ, ೨೦೦ ಮಿಲಿಲೀಟರ್ ಹಾಲು, ಕಡಲೆಕಾಯಿಯ ಚಿಕ್ಕಿ ಇವುಗಳನ್ನು ಬಸುರಿಯು ಅಲ್ಲಿಯೇ ಕುಳಿತು ಉಣ್ಣಬೇಕೆಂಬುದು ಅದರ ಕ್ರಮ. ಊಟವನ್ನು ಆಕೆಯ ಕೈಗೆ ಕೊಡುವುದರಿಂದ ಸಾಲದು, ಆಕೆಯ ಬಾಯಿಗೆ ಸೇರುವುದನ್ನು ನೋಡಿಕೊಳ್ಳಬೇಕೆಂಬ ತತ್ತ್ವವು ಇದರಲ್ಲಿದೆ.

ಆದರೆ ಈ ತತ್ತ್ವಕ್ಕೂ ಅಡ್ಡಿಗಳು ಬಂದುವು. ಮಲೆನಾಡಿನ ಚದರಿದ ಮನೆಗಳಿಂದ ತುಂಬು ಬಸುರಿಯು ಒಂದು ಹೊತ್ತಿನ ಊಟಕ್ಕಾಗಿ ಗುಡ್ಡ ಹತ್ತಿ ಇಳಿಯುವುದು ಸುಲಭವಲ್ಲ. ಕೂಲಿಗೆ ಹೋದವಳು ನಡುಹಗಲಿನಲ್ಲಿ ಕೆಲಸವನ್ನು ಬಿಟ್ಟು ಬಂದರೆ ಕೂಲಿಯು ಹೋಗುವುದು. ಬಾಣಂತಿಯು ತಿಂಗಳುಗಟ್ಟಲೆ ಹೊಸಿಲನ್ನು ದಾಟಬಾರದೆಂಬ ಸಂಪ್ರದಾಯವಿರುವ ಮನೆಯಿಂದ ಆಕೆಯು ಬರುವಂತೆಯೇ ಇಲ್ಲ. ೨೦೨೦ರ ಮಹಾಮಾರಿಯ ಕಾಲದಲ್ಲಿ ಅಂಗನವಾಡಿಗಳು ಮುಚ್ಚಿದಾಗ ಪದಾರ್ಥಗಳನ್ನು ಪುನಃ ಮನೆಗೇ ಕಳುಹಿಸಬೇಕಾಯಿತು. ಮನೆಗೆ ಕೊಟ್ಟರೆ ಹಂಚಿಹೋಗುವುದು, ಹೊರಗೆ ಕೊಟ್ಟರೆ ತಲಪದಿರುವುದು ಎಂಬ ಇಕ್ಕಟ್ಟು ಬೇಯಿಸುವ ಪಾತ್ರೆಯಿಂದ ಬಿಡಿಸಿಕೊಳ್ಳತಕ್ಕುದಲ್ಲ. ಕೂಲಿ, ವಿಶ್ರಾಂತಿ, ಮನೆಯಲ್ಲಿ ಹೆಣ್ಣಿಗಿರುವ ಸ್ಥಾನ ಇವು ಮೂರೂ ಅದರೊಳಗೆ ಹೆಣೆದುಕೊಂಡಿವೆ. ೧೯೨೮ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಚರ್ಚೆಗೆ ಬಂದುದೂ, ಅದೇ ವರ್ಷ ಪರೇಲಿನ ಪ್ರಯೋಗಶಾಲೆಯಲ್ಲಿ ಹುಡುಕತೊಡಗಿದುದೂ ಒಂದೇ ಪ್ರಶ್ನೆಯ ಎರಡು ಮುಖಗಳಾಗಿದ್ದುವು. ಆಮೇಲಿನ ಕಾಲದಲ್ಲಿ ಪ್ರಯೋಗಶಾಲೆಯ ಉತ್ತರವು ಗುಳಿಗೆಯಾಗಿ ಬೇಗನೆ ಪ್ರಸಾರವಾಯಿತು, ಶಾಸನಸಭೆಯ ಉತ್ತರವು ನಿಧಾನವಾಗಿ ನಡೆಯಿತು.

ಲೂಸಿ ವಿಲ್ಸಳು ೧೯೬೪ರಲ್ಲಿ ತೀರಿಕೊಂಡಳು. ಆಕೆಯು ಮುಂಬಯಿಯಲ್ಲಿ ರೋಗಿಯ ರಕ್ತವನ್ನು ನೋಡಿದಷ್ಟೇ ಶ್ರದ್ಧೆಯಿಂದ ರೋಗಿಯ ಊಟವನ್ನೂ ವಿಚಾರಿಸಿದ್ದಳು. ಆ ಕ್ರಮದ ಮಹತ್ವವು ಫೋಲಿಕ್ ಆಮ್ಲವು ದೊರೆತ ಮೇಲೆ ಕಡಮೆಯಾಗಿಲ್ಲ. ಚರಕನ ವಿಧಿಯಲ್ಲಿರುವ ಹಾಲು ತುಪ್ಪಗಳು ಎಲ್ಲ ಮನೆಗಳಿಗೂ ದೊರೆಯದೆ ಹೋಗಬಹುದು. ರಾಗಿ, ಸೊಪ್ಪು, ಬೇಳೆ, ಮೊಟ್ಟೆ, ಒಂದು ಲೋಟ ಹಾಲು ಇವು ದೊರೆಯಲಾರದ ಪದಾರ್ಥಗಳಲ್ಲ. ಇವು ಬಸುರಿಯ ತಟ್ಟೆಗೆ ಆಕೆಯ ಪಾಲೆಂದೇ ಬರುವಂತೆಯೂ, ಉಣ್ಣುವ ಹೊತ್ತು ಆಕೆಗಿರುವಂತೆಯೂ ಮಾಡುವ ಕೆಲಸವು ಇನ್ನೂ ಪೂರೈಸಬೇಕಾಗಿದೆ.